ಉಸಿರಿನ ಬೀಗ

ಕೊಂಡವರು ಊದಿದರೆ ಮಾತ್ರ ಪುಸ್ತಕ ತೆರೆಯುತ್ತಿದ್ದ ಕಾಲವದು. ಚಂಪಕ್ಕನ ಕಣ್ಣು ಮಂಜಾದ ಮೇಲೆ ದಿನಾ ಸಂಜೆ ಅವಳು ತನ್ನ ಪುಸ್ತಕದ ಮೇಲೆ ಊದುವುದು, ತಂಗಿ ಇಂದುಮತಿ ಓದಿ ಹೇಳುವುದು ನಡೆದುಬಂದಿತ್ತು. ಕಾದಂಬರಿಯ ಕೊನೆಯ ಅಧ್ಯಾಯ ಉಳಿದಿರುವಾಗಲೇ ಅಕ್ಕ ತೀರಿಕೊಂಡಳು.

ದಿನಕರ್ಮ ಮುಗಿದ ಮರುದಿನ ಇಂದುಮತಿ, ಧಾರವಾಡದ ಪೇಟೆಯ ಸಂದಿಯೊಂದರಲ್ಲಿ ಕದ್ದುಮುಚ್ಚಿ ಪುಸ್ತಕಗಳ ಬೀಗ ತೆಗೆಯುತ್ತಿದ್ದ ನೀಲಕಂಠನ ಮುಂದೆ ಕೂತಿದ್ದಳು.

"ಬೀಗ ತಗೀಲಿಕ್ಕೂ ತಗೊಂಡವರ ಉಸಿರು ಬೇಕ್ರೀ ಅಕ್ಕಾರ," ಅಂದ ಅವನು. "ಒಮ್ಮೆ ಊದಿದ್ರ ಸಾಕಿತ್ತು, ಆಮ್ಯಾಲೆ ಯಾರು ಬೇಕಾದ್ರೂ ಓದಬಹುದಿತ್ತು."

"ನಾ ಊದ್ತೀನಿ. ಒಂದೇ ತಾಯಿ ಮಕ್ಕಳಲ್ಲೇನಪಾ ನಾವು?"

ಆಗದೆಂದು ಅವನು ತಲೆಯಾಡಿಸಿದ. "ಮೊದಲ ಯಾಕ ಬರಲಿಲ್ರಿ?"

ದೀಪಾವಳಿ ಹೊತ್ತಿಗೆ ಅಕ್ಕನೇ ಕೇಳಿದ್ದಳು: "ಇಂದೂ, ಬೀಗ ತಗಸೋಣೇನ? ನಾನ ತಗೊಂಡ ಪುಸ್ತಕ. ನಾ ಹೋದಮ್ಯಾಲೆ ನಿನಗ ಇರಲಿ."

ಮೂವತ್ತು ವರ್ಷ ಕೋರ್ಟಿನಲ್ಲಿ ಗುಮಾಸ್ತಿಕೆ ಮಾಡಿದ್ದ ಇಂದುಮತಿ ರೇಗಿದ್ದಳು. "ನೀ ತಗೊಂಡದ್ದು ಪುಸ್ತಕ ಅಲ್ಲಕ್ಕಾ, ಓದೋ ಪರವಾನಗಿ. ಬೀಗ ಮುರಿಯೋದು ಅಪರಾಧ. ಈ ಮಾತಿಗೆ ಇನ್ನೊಮ್ಮೆ ಉಸಿರೆತ್ತಬ್ಯಾಡ!"

ಅಕ್ಕ ಮತ್ತೆ ಉಸಿರೆತ್ತಿರಲಿಲ್ಲ.

ಇಂದುಮತಿ ಮನೆಗೆ ಬಂದಳು. ಸಂಜೆಯಾಯಿತು. ಕನ್ನಡಕ ಏರಿಸಿಕೊಂಡು, ಇಷ್ಟು ದಿನದ ರೂಢಿಯಂತೆ, ಪುಸ್ತಕವನ್ನು ಅಕ್ಕನ ಕುರ್ಚಿಯ ಕಡೆಗೆ ಬಾಯಿಯ ಎತ್ತರಕ್ಕೆ ಚಾಚಿದಳು.

"ಊದಕ್ಕಾ," ಅಂದೇಬಿಟ್ಟಳು.