ತೇಜು ಹಾಕಿಸಿದ ಕಿಟಕಿ

"ಮುಂದಿನ ತಿಂಗಳಿಂದ ಬಾಡಿಗೆ ಸಾವಿರದೈನೂರು ಜಾಸ್ತಿ," ಎನ್ನುತ್ತಲೇ ನಾಗರತ್ನಮ್ಮ ಮಹಡಿ ಹತ್ತಿ ಒಳಗೆ ಬಂದರು. ವೇಲಚೇರಿಯ ಆ ಮನೆ ಅವರದು. ಕೆಳಗೆ ಅವರ ಸಂಸಾರ, ಮೇಲೆ ಬಾಡಿಗೆಗೆ ಮಂಡ್ಯದ ತೇಜು, ಅವಳ ಗಂಡ ಲಿಖಿತ್.

"ಯಾಕಮ್ಮ? ಹೋದ ವರ್ಷ ತಾನೇ ಏರಿಸಿದ್ರಿ!" ಎಂದಳು ತೇಜು.

"ಬ್ರೋಕರ್ ನಿನ್ನೆ ಕಿಟಕಿ ನೋಡಿದ ಮಾರಾಯ್ತಿ. ಈ ಮನೆಗೆ ಈಗ ಅಷ್ಟು ಜಾಸ್ತಿ ಸಿಗ್ತದೆ ಅಂದ."

ಪಡುವಣ ಬಿಸಿಲಿಗೆ ಕಾಯುತ್ತಿದ್ದ ಎರಡು ಹಳೆಯ ಕಿಟಕಿ ತೆಗೆಸಿ, ಕಾವು ತಡೆಯುವ ಜೋಡಿ ಗಾಜಿನವನ್ನು ಫೆಬ್ರವರಿಯಲ್ಲಿ ಹಾಕಿಸಿದ್ದು ತೇಜುವೇ. ಮೂವತ್ತೆಂಟು ಸಾವಿರ, ಅವಳದೇ ಉಳಿತಾಯ. ಅರ್ಧ ಕೊಡಿ ಎಂದು ಕೇಳಿದ್ದಕ್ಕೆ ನಾಗರತ್ನಮ್ಮ, "ಇರುವ ಕಿಟಕಿಗೆ ಎಂತ ಆಗಿದೆ?" ಎಂದಿದ್ದರು. "ಬಾಡಿಗೆ ಮನೆಗೆ ಯಾರಾದ್ರೂ ದುಡ್ಡು ಸುರೀತಾರಾ?" ಎಂದು ಲಿಖಿತ್ ಎರಡು ದಿನ ಮುಖ ಊದಿಸಿಕೊಂಡಿದ್ದ.

ಅವಳು ಮೊಬೈಲ್ ಮುಂದೆ ಹಿಡಿದಳು. "ಹೋದ ಬೇಸಿಗೇಲಿ ಎರಡು ತಿಂಗಳ ಕರೆಂಟ್ ಬಿಲ್ ಎಂಟು ಸಾವಿರದ ಒಂಬೈನೂರು. ಇವತ್ತು ಬಂದಿರೋದು ಐದು ಸಾವಿರದ ಒಂಬೈನೂರು. ನಂಗೆ ತಿಂಗಳಿಗೆ ಉಳಿದಿದ್ದೇ ಸಾವಿರದೈನೂರು ಕಣಮ್ಮ. ಅದನ್ನೂ ನಿಮಗೇ ಕೊಡ್ಲಾ? ಅದಕ್ಕಿಂತ ಕಿಟಕಿ ಬಿಚ್ಕೊಂಡು ಹೋಗ್ತೀನಿ."

ಲಿಖಿತ್ ಎದ್ದು ಬಂದು ಹೆಂಡತಿಯ ಪಕ್ಕ ನಿಂತ. "ಹತ್ತು ಸ್ಕ್ರೂ ಅಷ್ಟೆ. ನಾನೇ ಬಿಚ್ತೀನಿ," ಎಂದ. ತೇಜು ಅಚ್ಚರಿಯಿಂದ ಅವನತ್ತ ನೋಡಿದಳು.

ನಾಗರತ್ನಮ್ಮ ಬಿಲ್ಲನ್ನು ಮತ್ತೊಮ್ಮೆ ಓದಿದರು. ಕಿಟಕಿಯ ಹತ್ತಿರ ಹೋದರು. ಹೊರಗೆ ಮೂರು ಗಂಟೆಯ ಮೇ ಬಿಸಿಲು ಎದುರು ಮನೆಯ ತಗಡನ್ನು ಕಾಯಿಸುತ್ತಿತ್ತು. ಅವರು ಗಾಜಿಗೆ ಅಂಗೈ ಒತ್ತಿ ಹಿಡಿದರು, ಸುಡಲಿಲ್ಲ.

"ನನಗೆ ಹನ್ನೊಂದು ಸಾವಿರ ಬಿಲ್ ಬಂದಿದೆ," ಎಂದರು ಮೆಲ್ಲಗೆ. "ಇಡೀ ದಿನ ಎಸಿ ಓಡಿದರೂ ಕಾವಲಿ ಮೇಲೆ ಕೂತ ಹಾಗೇ. ನಿನ್ನ ಕಿಟಕಿಯವ ನನಗೂ ಇದೇ ರೇಟಿಗೆ ಹಾಕ್ತಾನಾ?"

"ನಿಮ್ಮವು ನಾಲ್ಕು ಕಿಟಕಿ ಅಂದ್ರೆ ಇನ್ನೂ ಕಮ್ಮಿಗೆ ಒಪ್ಪಿಸ್ತೀನಿ. ಆದ್ರೆ ಬಾಡಿಗೆ?"

"ಎರಡು ವರ್ಷ ಏರಿಸುವುದಿಲ್ಲ. ಮನೆ ಬಿಡುವಾಗ ಕಿಟಕಿ ಇಲ್ಲೇ ಇರಲಿ, ನೀನು ಹಾಕಿದ್ದರ ಅರ್ಧ ದುಡ್ಡು ನಾನು ಕೊಡ್ತೇನೆ. ಸರಿಯಾ?"

"ಸರಿಯಾ ಅಂತ ಕೇಳ್ತೀರಾ? ರೊಂಬ ಸರಿ!" ತೇಜು ಇಲ್ಲಿ ಕಲಿತ ತಮಿಳು ಬೆರೆಸಿ ಜೋರಾಗಿ ನಕ್ಕಳು. ಲಿಖಿತ್ ಆಗಲೇ ಕಿಟಕಿಯವನಿಗೆ ಫೋನ್ ಹಚ್ಚಿದ್ದ.

"ಹತ್ತು ದಿನ ಆಗುತ್ತಂತೆ," ಎಂದ.

"ಹತ್ತು ದಿನವಾ!" ನಾಗರತ್ನಮ್ಮ ಒಂದು ಗಳಿಗೆ ಯೋಚಿಸಿದರು. ಆಮೇಲೆ ಎಸಿಯ ತಂಪಿನಲ್ಲಿ ನಡುಮನೆಯ ನೆಲದ ಮೇಲೆಯೇ ಕಾಲು ಚಾಚಿ, ಕೈಯನ್ನು ತಲೆದಿಂಬು ಮಾಡಿಕೊಂಡು ಮಲಗಿಬಿಟ್ಟರು. ಕಣ್ಣು ಮುಚ್ಚಿದ ಮೇಲೆ ಹೇಳಿದರು:

"ತೇಜು, ಒಂದು ಹೊದಿಕೆ ಕೊಡು ಕಣ್ಣಾ. ಚಳಿ ಆಗ್ತದೆ."