ಇಲ್ಲದ ಮೊಮ್ಮಗಳು

ಪೆಟ್ರೊನಿಲ್ಲಾ ತನ್ನ ಕಾರ್ಡನ್ನು ಕೌಂಟರಿನ ಮೇಲಿಟ್ಟಾಗ, ಸೇಲ್ಸ್‌ಗರ್ಲ್ ಅಸ್ನಾ ಸಮಾಧಾನ ಹೇಳುತ್ತ ಆಕೆಯ ಇನ್ನೊಂದು ಕೈಯನ್ನು ಹಿಡಿದುಕೊಂಡೇ ಇದ್ದಳು. ಕೊಲ್ಲಿ ನಾಡಿನ ಸೀಫ್ ಬಡಾವಣೆಯ ಮಾಲಿನಲ್ಲಿದ್ದ ಆ ಮಕ್ಕಳ ಬಟ್ಟೆಯಂಗಡಿಗೆ ಪೆಟ್ರೊನಿಲ್ಲಾ ಬಿಲ್ಲಿಲ್ಲದ ಫ್ರಾಕೊಂದನ್ನು ವಾಪಸು ಕೊಡಲು ಬಂದಿದ್ದಳು. ಬಿಲ್ಲಿಲ್ಲದೆ ತೆಗೆದುಕೊಳ್ಳುವ ಹಾಗಿಲ್ಲ ಎಂದು ಅಸ್ನಾ ಹೇಳಿದಾಗ, "ಮೊಮ್ಮಗಳು ಐಸಿಯುನಲ್ಲಿದ್ದಾಳೆ ಮಗಾ, ಇದನ್ನು ನೋಡ್ಲಿಕ್ಕೇ ಆಗುದಿಲ್ಲ" ಎಂದು ಕಣ್ಣೊರೆಸಿಕೊಂಡಿದ್ದಳು. ತನ್ನ ಊರಿನ ಕಡೆಯ ಮಾತು ಕೇಳಿ ಕರಗಿದ ಹುಡುಗಿ ನಿಯಮ ಮುರಿದು ಫ್ರಾಕನ್ನು ವಾಪಸು ತೆಗೆದುಕೊಂಡಿದ್ದಳು.

ಗಿರಾಕಿಯ ವೇಷದಲ್ಲಿ ಹೋಗಿ ಅಂಗಡಿಯ ನೌಕರರನ್ನು ಪರೀಕ್ಷಿಸುವುದೇ ಪೆಟ್ರೊನಿಲ್ಲಾಳ ಕೆಲಸ. ಹಿಂದೆಲ್ಲ ಪರೀಕ್ಷೆ ಮುಗಿದೊಡನೆ ಸುಮ್ಮನೆ ಹೊರಟುಬಿಡುತ್ತಿದ್ದಳು; ತನ್ನ ವರದಿಯಿಂದ ಯಾರ ಮುಖ ಬಾಡಿತೆಂದು ನೋಡಿದವಳೇ ಅಲ್ಲ. ಈಗ ಆ ಕೆಲಸವೂ ಸೆಕ್ಯುರಿಟಿ ಗಾರ್ಡುಗಳ ಲೈಸೆನ್ಸ್ ಕಾನೂನಿನಡಿ ಬಂದಿತ್ತು. ಹೊರಡುವ ಮುಂಚೆ ಪರೀಕ್ಷೆಗೊಳಗಾದ ನೌಕರರಿಗೆ ಲೈಸೆನ್ಸ್ ಕಾರ್ಡು ತೋರಿಸಲೇಬೇಕಿತ್ತು.

ಅಸ್ನಾ ಕಾರ್ಡನ್ನು ಓದಿದಳು. ಅವಳ ಕೈ ಮೆಲ್ಲಗೆ ಹಿಂದೆ ಸರಿಯಿತು.

"ಹಾಗಾದ್ರೆ ಆಂಟಿ, ಮಗು ಆಸ್ಪತ್ರೆಯಲ್ಲಿ ಇಲ್ವಾ?"

"ಇಲ್ಲ. ನನಗೆ ಮೊಮ್ಮಕ್ಕಳೇ ಇಲ್ಲ. ಅದು ನಾನೇ ಕಟ್ಟಿದ ಕಥೆ."

ಹುಡುಗಿ ಬೈಯಬಹುದು, ಅಳಬಹುದು, ವರದಿಯಲ್ಲಿ ಬರೆಯಬೇಡಿ ಎಂದು ಬೇಡಿಕೊಳ್ಳಬಹುದು ಎಂದು ಪೆಟ್ರೊನಿಲ್ಲಾ ಮನಸ್ಸು ಗಟ್ಟಿ ಮಾಡಿಕೊಂಡಳು. ಆದರೆ ಅಸ್ನಾ ಎದೆಯ ಮೇಲೆ ಕೈಯಿಟ್ಟು, ತಡೆಹಿಡಿದಿದ್ದ ಉಸಿರನ್ನು ಬಿಟ್ಟಳು.

"ಅಲ್‌ಹಮ್ದುಲಿಲ್ಲಾ," ಎಂದು ದೇವರನ್ನು ಕೊಂಡಾಡಿದಳು. "ಆ ಮಗುವಿಗೆ ಏನಾಗ್ತದೋ ಅಂತ ನನಗೆ ಹೆದರಿಕೆ ಆಗಿತ್ತು."

ಪೆಟ್ರೊನಿಲ್ಲಾ ಆ ಮುಖವನ್ನು ನೋಡಲಾರದೆ ತಲೆ ತಗ್ಗಿಸಿದಳು.