ಕೋಣನ ಬೆನ್ನು

“ಈಗ ಯಾಕೆ ಎಡಕ್ಕೆ ತಿರುಗಿಸ್ತಿದ್ದೀರಿ?” ಪರೀಕ್ಷಕ ಶಿಯಾಂಗ್ ಕೇಳಿದ.

ಚುಕ್ಕಾಣಿ ಹಿಡಿದಿದ್ದ ರಾನ್ ತಿರುಗಿ ನೋಡಲಿಲ್ಲ. “ಮುಂದೆ ಬಂಡೆ ಇದೆ, ತಮ್ಮಾ.”

ಶಿಯಾಂಗ್ ಕಿಟಕಿಯಾಚೆ ನೋಡಿದ. ಎರಡು ಬೆಟ್ಟಗಳ ನಡುವೆ ಯಾಂಗ್ತ್ಸೆ ನದಿ ಕೆರೆಯ ಹಾಗೆ ಸುಮ್ಮನಿತ್ತು. ಬಂಡೆ ಹಾಗಿರಲಿ, ಒಂದು ಸುಳಿಯೂ ಕಾಣಲಿಲ್ಲ. ಆಳ ತೋರಿಸುವ ಯಂತ್ರವನ್ನು ನೋಡಿದ: ತೊಂಬತ್ತೆರಡು ಮೀಟರ್.

“ಎಲ್ಲಿದೆ?”

“ಅಡಿಯಲ್ಲಿ. ಕೋಣನ ಬೆನ್ನು ಅಂತ ಹೆಸರು. ಹೊಸಬರನ್ನ ಕಂಡ್ರೆ ಅದಕ್ಕೆ ಬಹಳ ಪ್ರೀತಿ.”

ಪಕ್ಕದಲ್ಲಿ ಸೂರ್ಯಕಾಂತಿ ಬೀಜ ಬಿಡಿಸುತ್ತಿದ್ದ ಸಹಚಾಲಕಿ ತಾನ್ ನಗು ನುಂಗಿಕೊಂಡಳು. ಅದು ನಗುವ ಹೊತ್ತಾಗಿರಲಿಲ್ಲ. ಐವತ್ತೊಂಬತ್ತರ ರಾನ್ ಅಂದು ಈ ಪ್ರಯಾಣಿಕರ ಹಡಗನ್ನು ಫೆಂಗ್ಜಿಯೆಯಿಂದ ವೂಶಾನ್‌ವರೆಗೆ ಪರೀಕ್ಷಕನ ಎದುರು ನಡೆಸಬೇಕಿತ್ತು. ಪಾಸಾದರೆ ಇನ್ನು ಮೂರು ವರ್ಷ ಚುಕ್ಕಾಣಿ, ಇಲ್ಲವಾದರೆ ನಾಳೆಯಿಂದ ದಡದಲ್ಲಿ ಟಿಕೆಟ್ ಹರಿಯುವ ಕೆಲಸ. ಮೂರು ತಪ್ಪಾದರೆ ಫೇಲು. ಎರಡು ಆಗಲೇ ದಾಖಲಾಗಿದ್ದವು: ಸೀಟಿ ಊದುವ ಬದಲು ಕಿಟಕಿಯಿಂದ ಬೈದು ಮೀನುಗಾರನನ್ನು ಪಕ್ಕಕ್ಕೆ ಸರಿಸಿದ್ದು ಒಂದು, ಪರೀಕ್ಷಕನನ್ನು ‘ತಮ್ಮಾ’ ಎಂದದ್ದು ಇನ್ನೊಂದು. ಎರಡನೆಯದನ್ನು ರಾನ್ ಬಿಟ್ಟ ಹಾಗೆ ಕಾಣಲಿಲ್ಲ.

“ಕೆಳಗಡೆ ಕಟ್ಟಿದ ಅಣೆಕಟ್ಟು ತುಂಬಿ ಹತ್ತು ವರ್ಷದ ಮೇಲಾಯ್ತು,” ಎಂದ ಶಿಯಾಂಗ್. “ನಿಮ್ಮ ಬಂಡೆ ಮೇಲೆ ದೊಡ್ಡ ಕಟ್ಟಡ ಮುಳುಗೋಷ್ಟು ನೀರಿದೆ. ಕಾರಣ ಇಲ್ಲದೆ ಬಳಸಿಕೊಂಡು ಹೋದ್ರೆ ಅದು ಮೂರನೇ ತಪ್ಪು. ನೇರ ಹೋಗಿ.”

ತಾನ್‌ಳ ಬೀಜ ಬಾಯಿಯ ಹತ್ತಿರವೇ ನಿಂತಿತು. “ಮೇಷ್ಟ್ರೇ...”

“ಸುಮ್ನಿರು. ತಮ್ಮಾ, ಇದು ಆಜ್ಞೆಯಾ?”

“ಆಜ್ಞೆ.”

“ಸ್ವಲ್ಪ ಜೋರಾಗಿ ಹೇಳಿ. ಮಾತು ದಾಖಲು ಮಾಡೋ ಡಬ್ಬಕ್ಕೆ ಕಿವಿ ಮಂದ.”

ಶಿಯಾಂಗ್ ಜೋರಾಗಿಯೇ ಹೇಳಿದ. ರಾನ್ ಚುಕ್ಕಾಣಿಯನ್ನು ನೇರಕ್ಕೆ ತಂದ.

ಮರುಕ್ಷಣ ದಾರಿ ತೋರಿಸುವ ಯಂತ್ರದ ಪರದೆ ಟಿಂಗ್ ಟಿಂಗ್ ಎಂದಿತು. “ನೀವು ಮಾರ್ಗ ಬಿಟ್ಟಿದ್ದೀರಿ. ದಯವಿಟ್ಟು ಎಡಕ್ಕೆ ಬನ್ನಿ,” ಎಂದಳು ಯಂತ್ರದೊಳಗಿನ ಹೆಂಗಸು, ಬಹಳ ಮರ್ಯಾದೆಯಿಂದ. ಅವಳ ಮಾತು ಮುಗಿಯುವ ಮೊದಲೇ ವೈರ್‌ಲೆಸ್‌ನಲ್ಲಿ ಎದುರಿನ ಸಿಮೆಂಟ್ ಹಡಗಿನವನ ಎಳೆಯ ದನಿ ಕಿರುಚಿತು. “ರಾನ್ ಮೇಷ್ಟ್ರೇ! ಬೆಳಿಗ್ಗೆ ಬೆಳಿಗ್ಗೆನೇ ಏರಿಸಿಬಿಟ್ರಾ? ಕೋಣನ ಮೇಲೇ ಹತ್ತಿಸ್ತಿದ್ದೀರಲ್ಲ!”

“ನಾನಲ್ಲಪ್ಪ. ಸಾಹೇಬ್ರು ಸವಾರಿ ಮಾಡ್ತಿದ್ದಾರೆ.”

“ಯಾರವನು?” ಶಿಯಾಂಗ್ ಕೇಳಿದ. “ಆ ಬಂಡೆ ನೋಡಿದ್ದಾನಾ?”

“ಎಲ್ಲಿ ನೋಡ್ತಾನೆ ಸಾಹೇಬ್ರೇ,” ಎಂದಳು ತಾನ್. “ನೀರು ಏರಿದಾಗ ಚಡ್ಡಿ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದ್ದ. ಅವನು ನನ್ನ ಶಿಷ್ಯ, ನಾನು ಇವರ ಶಿಷ್ಯೆ. ಈ ನೀರಲ್ಲಿ ಅರ್ಧ ಜನ ಇವರ ಹಿಂದೆ ನಿಂತು ಕಲಿತವರು. ಇನ್ನರ್ಧ ಜನ ಮುಂದಿನ ಹಡಗು ನೋಡ್ಕೊಂಡು ಹೋಗೋರು.”

ಶಿಯಾಂಗ್ ಪರದೆಯ ಮೇಲಿನ ನಕ್ಷೆಯನ್ನು ಹಿಗ್ಗಿಸಿದ. ಸರಿಯಾದ ಮಾರ್ಗವೆಂದು ಎಳೆದಿದ್ದ ನೀಲಿ ಗೆರೆ, ನೇರ ಬರುತ್ತಿದ್ದದ್ದು, ಇಲ್ಲಿ ಗರ್ಭಿಣಿಯ ಹೊಟ್ಟೆಯ ಹಾಗೆ ಎಡಕ್ಕೆ ಉಬ್ಬಿ ಮತ್ತೆ ನೇರವಾಗಿತ್ತು. ಅದನ್ನು ಎಳೆದದ್ದು ಅವನ ಕಚೇರಿಯೇ. ಹಡಗುಗಳು ಹಿಂದೆ ಎಲ್ಲೆಲ್ಲಿ ಓಡಾಡಿವೆಯೋ ಅದನ್ನೆಲ್ಲ ಕೂಡಿಸಿ, ಸರಾಸರಿ ತೆಗೆದು, ಮೊಹರು ಒತ್ತಿತ್ತು. ಎಲ್ಲರೂ ಬಳಸಿಕೊಂಡು ಹೋಗಿದ್ದರು, ನಕ್ಷೆಯೂ ಬಳಸಿಕೊಂಡು ಹೋಗಿತ್ತು.

“ಈಗ ಹೇಳಿ ಸಾಹೇಬ್ರೇ,” ಎಂದ ರಾನ್. ಅವನನ್ನು ನೇರವಾಗಿ ಸಾಹೇಬ್ರೇ ಎಂದು ಕರೆದದ್ದು ಅದೇ ಮೊದಲು. “ನಿಮ್ಮ ಮಾತು ಕೇಳ್ಲಾ, ನಿಮ್ಮ ನಕ್ಷೆ ಮಾತು ಕೇಳ್ಲಾ?”

ಅಷ್ಟರಲ್ಲಿ ಆಳದ ಅಂಕಿ ಇಳಿಯತೊಡಗಿತು. ತೊಂಬತ್ತು, ಎಂಬತ್ತಾರು, ಎಂಬತ್ತೊಂದು. ಕೋಣ ಎಲ್ಲಿಗೂ ಹೋಗಿರಲಿಲ್ಲ. ತಾನ್ ಸರಳು ಹಿಡಿದುಕೊಂಡಳು. ಶಿಯಾಂಗ್ ತನಗೇ ತಿಳಿಯದೆ ಎರಡೂ ಹಿಮ್ಮಡಿಗಳನ್ನು ನೆಲದಿಂದ ಎತ್ತಿದ್ದ. ಅಂಕಿ ಮತ್ತೆ ತೊಂಬತ್ತೆರಡಕ್ಕೆ ಹೋದಾಗ ಮೆಲ್ಲಗೆ ಇಳಿಸಿದ.

“ನಕ್ಷೆ ಮಾತು ಕೇಳಿ,” ಎಂದ.

ರಾನ್ ಹಡಗನ್ನು ನೀಲಿ ಗೆರೆಗೆ ಸೇರಿಸಿದ. ಯಂತ್ರದ ಹೆಂಗಸು ಧನ್ಯವಾದ ಹೇಳಿದಳು.

ವೂಶಾನ್ ಹಡಗುಕಟ್ಟೆಯಲ್ಲಿ ಶಿಯಾಂಗ್ ಬಹಳ ಹೊತ್ತು ಫಾರಂ ಮುಂದೆ ಕೂತ. ಮೂರನೆಯ ತಪ್ಪು ಆಗಿದ್ದೇನೋ ನಿಜ, ಆದರೆ ಅದು ಯಾರದ್ದೆಂದು ಡಬ್ಬದಲ್ಲಿ ಜೋರಾಗಿ ದಾಖಲಾಗಿತ್ತು. ‘ಪಾಸು’ ಎಂದು ಬರೆದ. ಚಾಲಕ ಎಡಕ್ಕೆ ತಿರುಗಿಸಲು ಹೊರಟದ್ದಕ್ಕೆ ಫಾರಂನಲ್ಲಿ ಕಾರಣ ಬರೆಯಬೇಕಿತ್ತು. ‘ಕೋಣನ ಬೆನ್ನು ಎಂಬ ಬಂಡೆ’ ಎಂದು ತುಂಬಿ ಸಹಿ ಹಾಕಿದ.

ಮರುವರ್ಷ ಬಂದ ಹೊಸ ನಕ್ಷೆಯಲ್ಲಿ, ಎಂಬತ್ತೊಂದು ಮೀಟರ್ ನೀರಿನ ಮೇಲೆ, ಒಂದು ಕೆಂಪು ಚುಕ್ಕೆಯಿತ್ತು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಅಪಾಯ’.